ಹಳದೀಪುರದ ಗರಟೆ ರಸ್ತೆ

ನಿವೃತ್ತಳಾದ ಮೇಲೆ ಮನೆಗೆ ಬಂದವರೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. "ಇಷ್ಟು ವರ್ಷ ರಸ್ತೆ ಇಲಾಖೆಯಲ್ಲಿದ್ರಲ್ಲ, ನಮ್ಮ ಕೇರಿ ರಸ್ತೆ ಯಾಕೆ ಹೀಂಗೆ?" ಮೊದಮೊದಲು ಮಣ್ಣು, ಮಳೆ, ಚರಂಡಿ ಎಂದೆಲ್ಲ ವಿವರಿಸಲು ಹೋಗುತ್ತಿದ್ದೆ. ಈಗ ಚಹಾ ಕೊಟ್ಟು, "ಹೌದು, ಗುಂಡಿ ಬಹಳ" ಎಂದು ಒಪ್ಪಿಕೊಂಡುಬಿಡುತ್ತೇನೆ.

ಇತ್ತೀಚೆಗೆ ಇಲಾಖೆಗೆ ಹೊಸದಾಗಿ ಸೇರಿದವರ ತರಬೇತಿಯೊಂದಕ್ಕೆ ನನ್ನನ್ನು ಕರೆದಿದ್ದರು. ಪರದೆಯ ಮೇಲೆ ನನ್ನ ಹೆಸರು, ಅದರ ಕೆಳಗೆ "ತೆಂಗಿನ ಕರಟ ಬಳಸಿದ ಡಾಂಬರು ರಸ್ತೆ: ಯಶಸ್ವಿ ಪ್ರಯೋಗ" ಎಂದು ದೊಡ್ಡ ಅಕ್ಷರ. ಅರ್ಧ ಗಂಟೆ ಸಮಯ ಕೊಟ್ಟಿದ್ದರು. ಅಷ್ಟರಲ್ಲಿ ಯಶಸ್ಸನ್ನು ಹೇಳಬಹುದು, ಪ್ರಯೋಗವನ್ನು ಹೇಳಲಾಗುವುದಿಲ್ಲ. ಅಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ನೋಡಿಕೊಳ್ಳಲಿ.

ನನ್ನ ಮೊದಲ ನೇಮಕ ಹೊನ್ನಾವರದ ಸೆಕ್ಷನ್ನಿಗೆ. ಆಗ ರಸ್ತೆ ಕೆಲಸದಲ್ಲಿ ಹೆಂಗಸು ಎಂದರೆ ತಲೆಯ ಮೇಲೆ ಬಾಂಡ್ಲಿ ಹೊರುವವಳು. ಕೊಡೆ ಹಿಡಿದು, ಅಳತೆ ಪುಸ್ತಕ ಹಿಡಿದು ನಿಂತವಳನ್ನು ಏನೆಂದು ಕರೆಯಬೇಕೆಂದು ಗ್ಯಾಂಗಿನವರಿಗೆ ತೋಚಲಿಲ್ಲ. ಸಾಹೇಬರೆನ್ನಲು ನಾಲಿಗೆ ತಿರುಗದು, ಬರೀ ‘ಬಾಯಿ’ ಎಂದು ಕರೆದರೆ ಸದರವಾದೀತು. ಕೊನೆಗೆ ಗ್ಯಾಂಗಿನ ಹಿರಿಯ ಗಣಪು ಗೌಡ, ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಹೇಳುವ ಮಾತನ್ನೇ ನನಗೂ ಹೇಳಿದ: ಅಕ್ಕೋರು. ಕುಮಟೆಯಿಂದ ಭಟ್ಕಳದವರೆಗೆ, ಕೊನೆಯ ದಿನದವರೆಗೆ, ಗ್ಯಾಂಗಿನವರಿಗೂ ಊರವರಿಗೂ ನಾನು ಅಕ್ಕೋರೇ ಆಗಿ ಉಳಿದೆ.

ಗಣಪು ಗೌಡನಿಗೆ ಓದು ಬರುತ್ತಿರಲಿಲ್ಲ. ಆಗ ಡಾಂಬರನ್ನು ರಸ್ತೆ ಬದಿಯಲ್ಲೇ ಡ್ರಮ್ಮಿನಲ್ಲಿ ಸೌದೆ ಹಾಕಿ ಕಾಯಿಸುತ್ತಿದ್ದೆವು. ಹೆಂಗಸರು ಕಾಲಿಗೆ ಗೋಣಿ ತುಂಡು ಸುತ್ತಿಕೊಂಡು ಬಿಸಿ ಜಲ್ಲಿಯ ಮೇಲೆ ನಡೆಯುತ್ತಿದ್ದರು. ಅವರ ಹಿಮ್ಮಡಿ ನೋಡಿದವರಿಗೆ ಇಂದಿನ ಪೇವರ್ ಯಂತ್ರ ದೇವರ ಹಾಗೆ ಕಾಣುತ್ತದೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವಳು ನಾನಲ್ಲ. ಒಂದು ದಿನ ಕಾಯುತ್ತಿದ್ದ ಡ್ರಮ್ಮಿನ ಮುಂದೆ ನಿಂತು ಗಣಪು ಹೇಳಿದ:

"ಅಕ್ಕೋರೆ, ಹೊಗಿ ನೀಲಿ ಆತು. ಬೆಂಕಿ ತೆಗಸ್ವ."

ನಾನು ಥರ್ಮಾಮೀಟರ್ ಅದ್ದಿ ನೋಡಿದೆ. "ಇನ್ನೂ ಇಪ್ಪತ್ತು ಡಿಗ್ರಿ ಬೇಕು ಗಣಪು."

"ಡಿಗ್ರಿ ನಂಗೆ ಗೊತ್ತಿಲ್ಲ. ಹೊಗಿ ಮಾತ್ರ ಗೊತ್ತು."

ಕಾಲೇಜಿನಲ್ಲಿ ಕಲಿತು ಬಂದವಳು ನಾನು. ಇನ್ನಷ್ಟು ಸೌದೆ ಹಾಕಿಸಿದೆ. ಆ ರಸ್ತೆ ಒಂದು ಮಳೆಗಾಲ ಮುಗಿಯುವುದರೊಳಗೆ ಹಪ್ಪಳದಂತೆ ಬಿರಿಯಿತು. ಡಾಂಬರು ಅತಿಯಾಗಿ ಕಾದರೆ ಅದರ ಅಂಟು ಸಾಯುತ್ತದೆ. ಆಮೇಲೆ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿದೆ: ಪಾದರಸದ ಎಳೆ ನಡುವೆ ತುಂಡಾಗಿತ್ತು, ನಾನು ಕೆಳಗಿನ ತುಂಡನ್ನಷ್ಟೇ ಓದಿದ್ದೆ. ಬಿರುಕಿಗೆ ತೇಪೆ ಹಾಕುವಾಗ ಗಣಪು "ಹೇಳಿರಲಿಲ್ಲವೇ" ಎನ್ನಲಿಲ್ಲ. "ಗಾಜಿನ ಕಡ್ಡಿನೂ ನೋಡ್ವ, ಹೊಗಿನೂ ನೋಡ್ವ. ದೇವ್ರು ಎರಡು ಕಣ್ಣು ಕೊಟ್ಟಿದ್ದ ಅಲ್ವ" ಎಂದ, ಅಷ್ಟೇ. ಈ ಪಾಠ ಕಲಿತೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ ಎಂಬುದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಅಷ್ಟು ಹೊತ್ತಿಗೆ ನಾನು ಕುಮಟೆಯ ಗುಣಮಟ್ಟ ಪರೀಕ್ಷೆಯ ಲ್ಯಾಬಿಗೆ ಬಂದಿದ್ದೆ. ಅಲ್ಲಿನ ಮೇಲಧಿಕಾರಿ ಪೈ ಸಾಹೇಬರು. ಸಣ್ಣ ದೇಹ, ದಪ್ಪ ಕನ್ನಡಕ, ಮನೆಮಾತು ಕೊಂಕಣಿ. ಯಾವುದಾದರೂ ಮನಸ್ಸಿಗೆ ಒಪ್ಪಿದರೆ "ಬರೇಂ" ಎನ್ನುವರು; ಅದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿ ಇರಲಿಲ್ಲ. ನಮ್ಮ ಲ್ಯಾಬಿನ ಮುಖ್ಯ ಕೆಲಸ ಇದು: ಜಲ್ಲಿ ಮತ್ತು ಡಾಂಬರನ್ನು ಬಿಸಿಯಾಗಿ ಕಲಸಿ, ಅಚ್ಚಿನಲ್ಲಿ ತುಂಬಿ, ಮೇಲಿನಿಂದ ಭಾರ ಬೀಳಿಸಿ ಬಡಿದು ಬಿಲ್ಲೆ ಮಾಡುವುದು; ಆ ಬಿಲ್ಲೆಯನ್ನು ಅರವತ್ತು ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಸೋಲುತ್ತದೆ ಎಂದು ನೋಡುವುದು. ಪೈ ಸಾಹೇಬರು ಆ ಬಿಸಿನೀರಿನ ತೊಟ್ಟಿಯಲ್ಲಿ ಬಿಲ್ಲೆಗಳ ಪಕ್ಕ ತಮ್ಮ ಗಂಜಿಯ ಡಬ್ಬಿಯನ್ನೂ ಇಡುತ್ತಿದ್ದರು. "ಗಂಜಿಗೂ ಅರವತ್ತು ಡಿಗ್ರಿಯೇ ಸರಿ" ಎಂಬುದು ಅವರ ಸಂಶೋಧನೆ. ಒಮ್ಮೆ ತಪಾಸಣೆಗೆ ಬಂದವರು ಡಬ್ಬಿಯನ್ನು ತೋರಿಸಿ ಇದೇನೆಂದು ಕೇಳಿದಾಗ, ಒಂದಿಷ್ಟೂ ತಡವರಿಸದೆ "ಕಂಟ್ರೋಲ್ ಸ್ಯಾಂಪಲ್" ಎಂದುಬಿಟ್ಟರು.

ಆ ವರ್ಷ ಹತ್ತಿರದ ಕಲ್ಲುಕೋರೆ ಮುಚ್ಚಲು ಆದೇಶ ಬಂದಿತ್ತು. ಜಲ್ಲಿ ಘಟ್ಟದ ಮೇಲಿನಿಂದ ಬರಬೇಕು. ಲಾರಿಗಳು ಇವತ್ತು ಬರುತ್ತವೆ, ನಾಳೆ ಬರುತ್ತವೆ ಎನ್ನುವುದರಲ್ಲಿ ಎಷ್ಟೋ ಕೆಲಸ ನಿಂತುಹೋದವು. ಒಂದು ಮಧ್ಯಾಹ್ನ ಪೈ ಸಾಹೇಬರು ಗಂಜಿ ಉಣ್ಣುತ್ತಾ ಹೇಳಿದರು:

"ಸುಮಂಗಲಾ, ಜಲ್ಲಿಯಲ್ಲಿ ಒಂದು ಪಾಲು ತೆಗೆದು ತೆಂಗಿನ ಕರಟದ ಚೂರು ಹಾಕಿ ಎಲ್ಲೆಲ್ಲೋ ನೋಡ್ತಾ ಇದ್ದಾರಂತೆ. ನಮ್ಮ ಕರಾವಳಿಯಲ್ಲಿ ಕಲ್ಲಿಗಿಂತ ತೆಂಗಿನಕಾಯಿ ಜಾಸ್ತಿ. ನಾವೂ ನೋಡುವನಾ?"

ನಾನು ಮನೆಯ ಅಡುಗೆಮನೆಯಿಂದಲೇ ಶುರುಮಾಡಿದೆ. ದಿನದ ಕರಟಗಳನ್ನು ಕೂಡಿಟ್ಟು, ಹೊರಗಿನ ನಾರನ್ನು ಗಾಜಿನ ಚೂರಿನಿಂದ ಹೆರೆದು, ಒಳಗನ್ನು ಉಜ್ಜಿ ತೊಳೆದು, ವಾರಗಟ್ಟಲೆ ಒಣಗಿಸಿ, ಮತ್ತೆ ಲ್ಯಾಬಿನ ಓವನ್ನಿನಲ್ಲಿಟ್ಟು, ಸುತ್ತಿಗೆಯಿಂದ ಚೂರು ಮಾಡಿದೆ. ಹತ್ತು ಬುಟ್ಟಿಯಲ್ಲಿ ಒಂದು ಬುಟ್ಟಿಯ ಲೆಕ್ಕದಲ್ಲಿ ಕಲಸಿದೆ. ಬಿಲ್ಲೆಗಳು ಗಟ್ಟಿಯಾಗಿ ನಿಂತವು. ನೀರಿನಲ್ಲಿ ದಿನವಿಡೀ ಇಟ್ಟರೂ ಡಾಂಬರು ಬಿಡಲಿಲ್ಲ. ಫಲಿತಾಂಶದ ಹಾಳೆಯನ್ನು ಪೈ ಸಾಹೇಬರ ಮುಂದೆ ಇಟ್ಟಾಗ ಅವರು "ಬರೇಂ" ಎನ್ನಲಿಲ್ಲ.

"ಇಷ್ಟು ಚಂದ ಯಾಕೆ ಬಂತು?" ಎಂದರು.

"ಚಂದ ಮಾಡಿದ್ದಕ್ಕೆ ಬಂತು ಸರ್" ಎಂದೆ, ಸ್ವಲ್ಪ ಮುನಿಸಿನಿಂದಲೇ.

"ಅದೇ. ರಸ್ತೆಗೆ ಇಷ್ಟು ಚಂದ ಯಾರು ಮಾಡಿಕೊಡ್ತಾರೆ?"

ಆ ಪ್ರಶ್ನೆಗೆ ಅವತ್ತೇ ಕೂತು ಉತ್ತರ ಹುಡುಕಬೇಕಿತ್ತು. ನಾನು ಕರಟ ಹುಡುಕಲು ಹೋದೆ.

ಕುಮಟೆಯ ಹತ್ತಿರದ ಬಾಡ ಎಂಬ ಊರಿನಲ್ಲಿ ಮಾದೇವಿ ಎಂಬ ಹೆಂಗಸು ಕೊಬ್ಬರಿ ಒಣಗಿಸುವ ಶೆಡ್ಡು ನಡೆಸುತ್ತಿದ್ದಳು. ಅಂಗಳದಲ್ಲಿ ಕರಟದ ಎರಡು ರಾಶಿ. ಒಂದು ಹೊಸದು, ಹೊಳೆಯುವಂಥದು. ಇನ್ನೊಂದು ಬೇಲಿಯ ಮೂಲೆಯಲ್ಲಿ ಮಳೆಬಿಸಿಲಿಗೆ ಬಿದ್ದು ಬೂದುಬಣ್ಣಕ್ಕೆ ತಿರುಗಿದ್ದು.

"ನಿಮ್ಮ ಈ ವೇಸ್ಟ್ ನಮಗೆ ಬೇಕು. ರಸ್ತೆಗೆ ಹಾಕ್ತೇವೆ" ಎಂದೆ.

ಮಾದೇವಿ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. "ವೇಸ್ಟಾ? ಯಾರು ಹೇಳಿದ್ದು? ಗರಟಿ ಇಲ್ದೆ ಬಚ್ಚಲ ಒಲಿ ಹೊತ್ತುದು ಹೆಂಗೆ? ಕುಮ್ಟಿ ಪ್ಯಾಟಿ ಇಸ್ತ್ರಿ ಪೆಟ್ಟಿಗಿಗೆ ಇದ್ರದ್ದೇ ಮಸಿ. ಬಾಣಂತಿ ಮನಿಗೆ ಹೇಳಿ ಬ್ಯಾರೆ ತೆಗೆದಿಡ್ತೆ. ನಮ್ಮಲ್ಲಿ ಬಿಸಾಡುದು ಅಂದ್ರೆ ಹೊಗಿ ಒಂದೇ ಅಕ್ಕೋರೆ."

ಕೃಷಿ ತ್ಯಾಜ್ಯ ಎಂದು ನಾವು ಕಡತದಲ್ಲಿ ಬರೆಯುವ ಪದಕ್ಕೆ ಅಂಗಳದಲ್ಲಿ ಯಜಮಾನರಿರುತ್ತಾರೆ. ಹೊಸಬರು ಇದನ್ನು ನೆನಪಿಡಬೇಕು. ಅವರವರ ಬಚ್ಚಲಿಗೆ ಬೇಕಾದಷ್ಟು ಮೊದಲು, ಉಳಿದದ್ದು ರಸ್ತೆಗೆ ಎಂದು ಒಪ್ಪಂದವಾಯಿತು. ಮಾದೇವಿ ಮೂಲೆಯ ಹಳೆಯ ರಾಶಿ ತೋರಿಸಿ, "ಇದು ಒಯ್ಯಿರಿ, ಎರಡು ಮಳೆ ಕುಡದದ್ದು" ಎಂದಳು. ನಾನು ಅದರ ಬಣ್ಣ ನೋಡಿ, ಮೇಲಿನ ಪಾಚಿ ನೋಡಿ, ಬೇಡವೆಂದೆ. ಹೊಳೆಯುವ ಹೊಸ ರಾಶಿಯನ್ನೇ ಲಾರಿಗೆ ತುಂಬಿಸಿದೆ.

ಪ್ರಯೋಗಕ್ಕೆ ಆರಿಸಿದ್ದು ಹಳದೀಪುರದ ಒಳರಸ್ತೆ. ಹೆದ್ದಾರಿಯಿಂದ ಕಡಲ ಕಡೆಗೆ ಇಳಿದು, ತೆಂಗಿನ ಹಿತ್ತಿಲುಗಳ ನಡುವೆ ತಿರುಗಿ, ಮತ್ತೆ ಮುಂದೆ ಹೆದ್ದಾರಿಗೇ ಸೇರುವ ರಸ್ತೆ. ಅದರ ತಿರುವಿನಲ್ಲಿ ಒಂದು ತುಂಡು ನಮ್ಮದು. ಬಿಸಿ ಮಿಶ್ರಣ ಬರಬೇಕಾದದ್ದು ಭಟ್ಕಳದ ಹತ್ತಿರದ ಒಬ್ಬ ಗುತ್ತಿಗೆದಾರರ ಪ್ಲಾಂಟಿನಿಂದ. ಅಲ್ಲಿ ಪ್ಲಾಂಟ್ ನಡೆಸುತ್ತಿದ್ದವರು ಇಸ್ಮಾಯಿಲ್ ಸಾಬ್. ಮನೆಯಲ್ಲಿ ನವಾಯತಿ, ಕೆಲಸದಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ಮೂರರಲ್ಲೂ ಅವರ ಮಾತು ಕಡಿಮೆ. ಪ್ಲಾಂಟಿನ ಫಲಕದ ಮೇಲೆ ಎಷ್ಟು ದೀಪಗಳಿದ್ದರೂ ಅವರು ಆಗಾಗ ಹೊರಗೆ ಬಂದು ಗಾಳಿ ಮೂಸುತ್ತಿದ್ದರು.

ಮರುದಿನ ಬೆಳಿಗ್ಗೆ ಮೇಲಿನ ಕಚೇರಿಯಿಂದ ದೊಡ್ಡ ಅಧಿಕಾರಿಗಳು ಬಂದು ನೋಡುವವರಿದ್ದರು. ಹಿಂದಿನ ದಿನ ಸಂಜೆ, ಶಾಮಿಯಾನ ಎಲ್ಲಿ ಹಾಕುವುದೆಂದು ನಾನು ಹಳದೀಪುರದಲ್ಲಿ ಓಡಾಡುತ್ತಿರುವಾಗ ಇಸ್ಮಾಯಿಲ್ ಸಾಬರ ಫೋನು ಬಂತು.

"ಮೇಡಂ, ಸ್ವಲ್ಪ ಮಾಲು ತಿರುಗಿಸಿ ನೋಡಿದೆ. ಪ್ಲಾಂಟೆಲ್ಲ ಘಮಘಮ ಅಂತಿದೆ, ಸಾರಿಗೆ ಕೊಬ್ಬರಿ ಹುರಿದ ಹಾಗೆ. ಈ ವಾಸನೆ ನನಗೆ ಸರಿ ಕಾಣ್ತಿಲ್ಲ. ಜರಾ ಬಂದು ನೋಡಿ."

"ಇಸ್ಮಾಯಿಲ್ ಸಾಬ್, ತೆಂಗಿನ ಕರಟ ಹಾಕಿದ್ರೆ ತೆಂಗಿನ ವಾಸನೆಯೇ ಬರ್ತದೆ. ಬೆಳಿಗ್ಗೆ ಕಳಿಸಿ" ಎಂದು ನಕ್ಕೆ.

"ಠೀಕ್ ಹೈ. ನೀವು ಹೇಳಿದ್ರಿ ಅಂತ ಕಳಿಸ್ತೇನೆ."

ಭಟ್ಕಳಕ್ಕೆ ಹೋಗಿ ಬರಲು ಬಸ್ಸಿತ್ತು. ನಾನು ಹೋಗಲಿಲ್ಲ. ಇಷ್ಟೇ ನನ್ನ ತಪ್ಪು. ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು.

ರಸ್ತೆ ನೋಡಲು ಚಂದವೇ ಆಯಿತು. ದೊಡ್ಡವರು ಬೂಟಿನ ತುದಿಯಿಂದ ಉಜ್ಜಿ ನೋಡಿ ತಲೆಯಾಡಿಸಿದರು, ಫೋಟೋ ತೆಗೆಸಿಕೊಂಡರು. ಮರುದಿನ ಬೆಳಿಗ್ಗೆ ನಾನೊಬ್ಬಳೇ ನೋಡಲು ಹೋದಾಗ ಹೊಸ ರಸ್ತೆಯ ತುಂಬ ಕಾಗೆಗಳು. ಒಂದೆರಡಲ್ಲ, ಊರಿನ ಕಾಗೆಗಳೆಲ್ಲ ಸೇರಿ ಡಾಂಬರನ್ನು ಕುಕ್ಕುತ್ತಿದ್ದವು. ಎರಡು ನಾಯಿಗಳು ಮೂತಿ ಹಚ್ಚಿ ನೆಕ್ಕುತ್ತಿದ್ದವು. ಆಗಲೂ ನನಗೆ ನಗು ಬಂತೇ ಹೊರತು ಭಯವಾಗಲಿಲ್ಲ.

ಮಳೆ ಶುರುವಾಗಿ ವಾರವಾಗಿರಲಿಲ್ಲ. ತಿರುವಿನಲ್ಲಿ ಮೇಲ್ಪದರ ಉದುರತೊಡಗಿತು. ಕರಟದ ಚೂರುಗಳು ಡಾಂಬರು ಕಳಚಿಕೊಂಡು, ಒಡೆದ ಬಳೆಗಳ ಹಾಗೆ ರಸ್ತೆಯ ತುಂಬ ಹರಡಿದವು. ಬೆಳಿಗ್ಗೆ ಹೊನ್ನಾವರದಿಂದ ಮೀನು ತಂದು ಸ್ಕೂಟರಿನಲ್ಲಿ ಮನೆಮನೆಗೆ ಮಾರುವ ನಾಗಮ್ಮ ಆ ಚೂರುಗಳ ಮೇಲೆ ಜಾರಿ ಬಿದ್ದಳು. ಬಲಗೈ ಮುರಿಯಿತು.

ಸುದ್ದಿ ಅವತ್ತೇ ಲ್ಯಾಬಿಗೆ ಬಂತು. ಪೈ ಸಾಹೇಬರಿಗೆ ಹೇಳಿ, ಎರಡನೆಯ ದಿನ ಅವಳ ಮನೆಗೆ ಹೋದೆ. ತಿರುವಿನ ಪಕ್ಕದಲ್ಲೇ ಮನೆ. ಜಗಲಿಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದಳು. ಐವತ್ತರ ಆಸುಪಾಸಿನ, ಗಟ್ಟಿ ಗಂಟಲಿನ ಹೆಂಗಸು. ನಾನು ಯಾರೆಂದು ಹೇಳುವ ಮೊದಲೇ ಕೇಳಿದಳು:

"ಎಂತ ಅಕ್ಕೋರೆ, ನೀವೇಯ ಆ ಒಗ್ಗರಣಿ ರಸ್ತಿ ಮಾಡದ್ದು?"

"ಹೌದು" ಎಂದೆ.

"ನಂಗೆ ಕಾಗಿ ಕಂಡಾಗ್ಲೇ ಅನಸ್ತು. ಕಾಗಿ ತಿಂಬ ರಸ್ತಿ ಮೇಲೆ ಮನ್ಸರು ಹೋಗುದು ಹೆಂಗೆ? ನೀವು ರಸ್ತಿ ಮಾಡ್ತ್ರೊ, ಅಡಗಿ ಮಾಡ್ತ್ರೊ?"

"ತಪ್ಪಾಯ್ತು ನಾಗಮ್ಮ" ಎಂದಷ್ಟೇ ಅಂದೆ.

ಅವಳು ಕೈಯ ಪ್ಲಾಸ್ಟರನ್ನು ನೋಡಿಕೊಂಡಳು. "ಕೈ ನೋವು ಎರಡು ದಿನ. ಮನಿಲಿ ಕೂರುದೇ ನೋವು. ನಾ ಬರುದಿಲ್ಲ ಹೇಳಿ ಮಾಮೂಲಿ ಮನಿಯವ್ರು ಬ್ಯಾರೆಯವ್ರ ಹತ್ರ ಮೀನ ತಕಂತ್ರು. ಒಂದ್ಸಲ ರೂಢಿ ತಪ್ಪಿದ್ರೆ ಮತ್ತೆ ಕರೀತ್ರೊ ಇಲ್ಲೊ." ಆಮೇಲೆ ಒಳಗೆ ಕೂಗಿ ಹೇಳಿದಳು, "ತಂಗಿ, ಅಕ್ಕೋರಿಗೆ ಚಾ ಮಾಡೆ." ನನ್ನ ಕಡೆ ತಿರುಗಿ, "ರಸ್ತಿ ಮಾಡ್ದವ್ರು ಬಿದ್ದವ್ರ ಮನಿಗೆ ಬಂದದ್ದು ನಾ ಇದೇ ಕಂಡದ್ದು. ಕೂಕಳಿ" ಎಂದಳು.

ಆ ಚಹಾ ಕುಡಿದಷ್ಟು ಕಷ್ಟದಿಂದ ನಾನು ಬೇರಾವ ಚಹಾವನ್ನೂ ಕುಡಿದಿಲ್ಲ.

ಲ್ಯಾಬಿಗೆ ಮರಳಿದಾಗ ಪೈ ಸಾಹೇಬರು ಉಳಿದ ರಾಶಿಯಿಂದ ಒಂದು ಕರಟ ತರಿಸಿ ಬಿಸಿನೀರಿನ ತೊಟ್ಟಿಯಲ್ಲಿ ಬಿಟ್ಟಿದ್ದರು. ಅವತ್ತು ಗಂಜಿಯ ಡಬ್ಬಿ ಹೊರಗಿತ್ತು. ನೀರಿನ ಮೇಲೆ ಎಣ್ಣೆಯ ತೆಳುವಾದ ಪದರ ಬಣ್ಣಬಣ್ಣವಾಗಿ ಹರಡಿತ್ತು.

"ನೋಡು ಸುಮಂಗಲಾ. ನಿನ್ನ ರಸ್ತೆ ತೇಲ್ತಾ ಇದೆ."

ಕೊಬ್ಬರಿ ಬಿಡಿಸಿದ ಹೊಸ ಕರಟದ ಒಳಮೈಯಲ್ಲಿ ಎಣ್ಣೆಯಂಶ ಇರುತ್ತದೆ, ಕೊಬ್ಬರಿಯ ಚೂರು ಅಂಟಿರುತ್ತದೆ. ಎಣ್ಣೆ ಡಾಂಬರನ್ನು ಮೆತ್ತಗೆ ಮಾಡಿತು, ಕರಟಕ್ಕೂ ಡಾಂಬರಿಗೂ ನಡುವೆ ಕೂತು ಅಂಟಲು ಬಿಡಲಿಲ್ಲ. ಅಲ್ಲಿಗೆ ನೀರು ಇಳಿಯಿತು. ನನ್ನ ಅಡುಗೆಮನೆಯ ಕರಟಗಳನ್ನು ನಾನೇ ಉಜ್ಜಿ ತೊಳೆದಿದ್ದೆನಾದ್ದರಿಂದ ಲ್ಯಾಬಿನಲ್ಲಿ ಇದು ಕಾಣಲೇ ಇಲ್ಲ. ಇಸ್ಮಾಯಿಲ್ ಸಾಬರ ಮೂಗು ಮಾತ್ರ ಎಲ್ಲವನ್ನೂ ಹೇಳಿತ್ತು.

ವಿಚಾರಣೆ ಬಂತು. ಗುತ್ತಿಗೆದಾರರ ಕಡೆಯವರು ಪ್ಲಾಂಟಿನಲ್ಲಿ ಮಾಲು ಸರಿಯಾಗಿ ಕಾಯಿಸಿಲ್ಲ, ಅದು ಆಪರೇಟರನ ತಪ್ಪು ಎಂದರು. ಇಸ್ಮಾಯಿಲ್ ಸಾಬರನ್ನು ಕರೆಸಿ, ಅನುಮಾನ ಬಂದಿತ್ತೇ, ಯಾರಿಗಾದರೂ ಹೇಳಿದ್ದಿರಾ ಎಂದು ಕೇಳಿದರು. ಅವರು ನನ್ನ ಕಡೆ ನೋಡದೆ, "ನನಗೇನೂ ಗೊತ್ತಾಗಲಿಲ್ಲ" ಎಂದರು. ಮೂವತ್ತು ವರ್ಷ ಗಾಳಿ ಮೂಸಿ ಮಾಲು ಕಳಿಸಿದ ಮನುಷ್ಯ, ತನಗೆ ವಾಸನೆ ಗೊತ್ತಾಗಲಿಲ್ಲ ಎಂದು ಎಲ್ಲರೆದುರು ಹೇಳಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಅವರ ಕೆಲಸ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಒಂದು ಕ್ಷಣ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ನನ್ನ ಸರದಿ ಬಂದಾಗ ಎದ್ದು ನಿಂತು, "ಅವರು ಹಿಂದಿನ ದಿನವೇ ಫೋನು ಮಾಡಿ ಬಂದು ನೋಡಲು ಹೇಳಿದ್ದರು. ನಾನು ಹೋಗದೆ, ಕಳಿಸಿ ಎಂದೆ" ಎಂದೆ.

ಅದನ್ನೇ ಬರೆದುಕೊಡಲು ಹೇಳಿದರು. ಬರೆದು ಪೈ ಸಾಹೇಬರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎರಡು ಸಲ ಓದಿದರು. "ಬರೇಂ" ಎಂದರು. ನನ್ನ ಸಹಿಯ ಕೆಳಗೆ, "ಪರೀಕ್ಷೆ ಸಾಲದು ಎಂದು ಗೊತ್ತಿದ್ದೂ ಅನುಮತಿ ಕೊಟ್ಟವನು ನಾನು" ಎಂದು ಬರೆದು ತಾವೂ ಸಹಿ ಹಾಕಿದರು. ಅವರ ನಿವೃತ್ತಿಗೆ ಹೆಚ್ಚು ಸಮಯ ಉಳಿದಿರಲಿಲ್ಲ. ಇಬ್ಬರಿಗೂ ಶಿಕ್ಷೆಯಾಯಿತು, ದೊಡ್ಡದೇನಲ್ಲ, ಮರೆಯುವಷ್ಟು ಚಿಕ್ಕದೂ ಅಲ್ಲ.

ನನ್ನ ಮೇಲೆ ಸಿಟ್ಟಾದವರು ಇಸ್ಮಾಯಿಲ್ ಸಾಬ್ ಒಬ್ಬರೇ. ಹೊರಗೆ ಬಂದವರೇ ಹೇಳಿದರು: "ನಿಮ್ಮನ್ನು ಉಳಿಸೋಕೆ ನಾನು ಸುಳ್ಳು ಹೇಳಿದೆ. ನೀವು ನಿಜ ಹೇಳಿ ನನ್ನನ್ನು ಸುಳ್ಳುಗಾರ ಮಾಡಿದ್ರಿ." ತಿಂಗಳುಗಟ್ಟಲೆ ಮಾತು ಬಿಟ್ಟರು. ಈದ್ ಹಬ್ಬದ ದಿನ ಅವರ ಮಗಳು ಒಂದು ಡಬ್ಬಿ ಶೀರ್ ಖುರ್ಮಾ ತಂದುಕೊಟ್ಟಾಗ ನನಗೆ ಜೀವ ಬಂತು. ಡಬ್ಬಿ ತೊಳೆದು, ಅದರಲ್ಲಿ ಬೆಲ್ಲ ತುಂಬಿ ಕಳಿಸಿದೆ. ಫೋನು ಬಂತು. "ಬೆಲ್ಲ ಚೆನ್ನಾಗಿದೆ. ಕಬ್ಬು ಎಲ್ಲಿಯದು?" ರಾಜಿಯ ಮಾತು ಅಷ್ಟೇ.

ಕೆಟ್ಟ ತುಂಡನ್ನು ಕಿತ್ತು ಮಾಮೂಲಿ ಜಲ್ಲಿಯಲ್ಲೇ ಮುಚ್ಚಿದೆವು. ಎಲ್ಲರೂ ಕರಟದ ಮಾತು ಮರೆಯಬೇಕೆಂದಿದ್ದರು, ನಾನೂ. ಮತ್ತೆ ಎತ್ತಿದವರು ಪೈ ಸಾಹೇಬರೇ. "ತಪ್ಪು ಎಲ್ಲಾಯ್ತು ಅಂತ ಗೊತ್ತಾಗಿದೆ. ಈಗ ಬಿಟ್ಟರೆ ಆ ಹೆಂಗಸಿನ ಕೈ ಸುಮ್ಮನೆ ಮುರಿದ ಹಾಗೆ" ಎಂದರು.

ಬಾಡಕ್ಕೆ ಹೋಗಿ ಮಾದೇವಿಯ ಅಂಗಳದಲ್ಲಿ ಕೂತೆ. ಈ ಸಲ ಮೊದಲು ಕೇಳಿದೆ, ಆಮೇಲೆ ಮಾತಾಡಿದೆ.

"ಎಣ್ಣಿ ಜಿಡ್ಡು ತೆಗುಕೆ ಎಂತ ಮಾಡ್ತ್ರು ಹೇಳಿ ನಿಮ್ಗೆ ಗೊತ್ತಿಲ್ವ?" ಎಂದು ಮಾದೇವಿ ಆಶ್ಚರ್ಯಪಟ್ಟಳು. "ಸುಣ್ಣದ ನೀರಲ್ಲಿ ಹಾಕಿಡುದು. ಗರಟಿ ಸೌಟು ಮಾಡುಕೆ ನನ್ನ ಹೆತ್ತ ಅಬ್ಬಿ ಹಾಂಗೇ ಮಾಡ್ತಿತ್ತು. ಅದ್ಕೂ ಮುಂಚೆ ಮಳಿಲಿ ಬಿಡುದು. ಆ ಮೂಲಿ ರಾಶಿ ಬ್ಯಾಡ ಅಂದ್ರಲ್ಲ ನೀವು!"

ಡಾಂಬರಿನ ಕೆಲಸದಲ್ಲಿ ಸುಣ್ಣ ಹೊಸದಲ್ಲ. ನೀರಿಗೆ ಡಾಂಬರು ಬಿಡದಿರಲಿ ಎಂದು ಜಲ್ಲಿಗೆ ಸುಣ್ಣ ಬೆರೆಸುವುದನ್ನು ನಾನೇ ಓದಿದ್ದೆ. ಓದಿದ್ದು ಒಂದು ಕಡೆ, ಅಂಗಳ ಇನ್ನೊಂದು ಕಡೆ ಇತ್ತು. ಮೂಲೆಯ ರಾಶಿಯನ್ನೇ ತಂದೆವು. ಮಾದೇವಿಯ ಶೆಡ್ಡಿನ ಹೆಂಗಸರು ಚಿಪ್ಪಿನ ಸುಣ್ಣದ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹರಡಿ ಒಣಗಿಸಿಕೊಟ್ಟರು. ಬೇರೆಬೇರೆ ಕಡೆಯಿಂದ ಹಿಡಿ ತೆಗೆದು ಪರೀಕ್ಷೆ ಮಾಡಿದೆ, ಒಂದನ್ನೂ ಕೈಯಾರೆ ಉಜ್ಜಲಿಲ್ಲ. ಫಲಿತಾಂಶ ಮೊದಲಿನಷ್ಟು ಚಂದ ಬರಲಿಲ್ಲ. ಪೈ ಸಾಹೇಬರು ಹಾಳೆ ನೋಡಿ, "ಹಾಂ, ಇದು ನಂಬಬಹುದು" ಎಂದರು. ಕರಟದ ಪಾಲನ್ನು ಇನ್ನೂ ಕಡಿಮೆ ಮಾಡಿ, ಮೊದಲೇ ಡಾಂಬರಿನ ತೆಳು ಲೇಪ ಕೊಟ್ಟು ಬೆರೆಸುವುದೆಂದು ತೀರ್ಮಾನವಾಯಿತು.

ಎಲ್ಲಿ ಹಾಕುವುದು? ಯಾವ ಊರಿನವರೂ ಒಪ್ಪಲಿಲ್ಲ. ಕರ್ಕಿಯಲ್ಲಿ ಒಬ್ಬರು, "ನಮ್ಮೂರಲ್ಲಿ ಕಾಗೆ ಮೊದಲೇ ಜಾಸ್ತಿ" ಎಂದು ಕೈಮುಗಿದರು. ಕೊನೆಗೆ ನಾಚಿಕೆ ಬಿಟ್ಟು ನಾಗಮ್ಮನ ಮನೆಗೇ ಹೋದೆ. ಕೈ ಕೂಡಿತ್ತು, ಸ್ಕೂಟರ್ ಮತ್ತೆ ಅಂಗಳದಲ್ಲಿತ್ತು. ತಪ್ಪಿಹೋದ ಮನೆಗಳಲ್ಲಿ ಹೆಚ್ಚಿನವು ಮರಳಿದ್ದವು, ಎಲ್ಲವೂ ಅಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಎಣ್ಣೆ, ಸುಣ್ಣ, ಹಳೆಯ ಕರಟ.

"ಮತ್ತೆ ಬೀಳಸ್ತ್ರ?" ಎಂದಳು.

"ಬೀಳಿಸೋದಿಲ್ಲ ಅಂತ ಹೇಳಲಾರೆ. ಮಳೆಗಾಲ ಪೂರ್ತಿ ವಾರಕ್ಕೆರಡು ಸಲ ಬಂದು ನೋಡ್ತೇನೆ. ಒಂದು ಚೂರು ಎದ್ದರೂ ಅವತ್ತೇ ಕೀಳಿಸ್ತೇನೆ."

ನಾಗಮ್ಮ ಎದ್ದು ಬಂದು ತಿರುವಿನ ಕಡೆ ನೋಡಿದಳು. "ಹಾಂಗಾರೆ ನನ್ನ ಮನಿ ಮುಂದೇ ಹಾಕಿ. ಕೆಟ್ರೆ ದಿನಾ ಬಯ್ಯುಕೆ ಸಸಾರ ಆತದೆ."

ಊರಿನವರ ಬಾಯಿ ಮುಚ್ಚಿಸಿದ್ದು ಆ ಮಾತು. ಬಿದ್ದವಳೇ ಒಪ್ಪಿದಳೆಂದ ಮೇಲೆ ಉಳಿದವರು ಏನೆಂದಾರು? ಈ ಸಲ ಹಿಂದಿನ ದಿನವೇ ಭಟ್ಕಳಕ್ಕೆ ಹೋಗಿ ಪ್ಲಾಂಟಿನಲ್ಲಿ ಕೂತೆ. ಇಸ್ಮಾಯಿಲ್ ಸಾಬ್ ಹೊರಗೆ ಬಂದು ಗಾಳಿ ಮೂಸಿದರು. ನನ್ನನ್ನೂ ಕರೆದು ಮೂಸಿಸಿದರು. ಡಾಂಬರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. "ಈಗ ಹೇಳಿ, ಕಳಿಸಲಾ?" ಎಂದರು. ನಾನು, "ನೀವು ಹೇಳಿ" ಎಂದೆ. ಮೊದಲ ಬಾರಿಗೆ ಅವರು ನಕ್ಕದ್ದನ್ನು ಕಂಡೆ.

ಪೈ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ರಸ್ತೆ ಹಾಕುವ ದಿನ ಬಸ್ಸಿನಲ್ಲಿ ಬಂದು, ಮೋರಿಯ ಕಟ್ಟೆಯ ಮೇಲೆ ಕೊಡೆ ಬಿಡಿಸಿ ಕೂತು, ಸಂಜೆಯವರೆಗೆ ನೋಡಿದರು. ಕಾಗೆಗಳು ಬಂದವು, ತಲೆ ವಾಲಿಸಿ ನೋಡಿದವು, ಹಾರಿಹೋದವು.

ಆ ಮಳೆಗಾಲ ನಾನು ಹೇಳಿದಂತೆ ವಾರಕ್ಕೆರಡು ಸಲ ಹೋದೆ. ಪ್ರತಿ ಸಲವೂ ನಾಗಮ್ಮ ಜಗಲಿಯಿಂದಲೇ, "ಇವತ್ತು ಬಯ್ಯುಕೆ ಎಂತದೂ ಇಲ್ಲ, ಮೀನ ತಕಂಡು ಹೋಗಿ" ಎನ್ನುತ್ತಿದ್ದಳು. ರಸ್ತೆ ನಿಂತಿತು. ಮರುವರ್ಷವೂ ನಿಂತಿತು. ವರದಿ ಬರೆದು ಮೇಲೆ ಕಳಿಸಿದೆ. ಅಷ್ಟರಲ್ಲಿ ಬೇರೆ ಕೋರೆಗಳು ತೆರೆದವು, ಹೆದ್ದಾರಿ ಅಗಲವಾಯಿತು, ಜಲ್ಲಿಯ ಲಾರಿಗಳು ಸಾಲುಗಟ್ಟಿದವು. ಕರಟ ಯಾರಿಗೂ ಬೇಕಾಗಲಿಲ್ಲ. ನನಗೆ ಅದರ ದುಃಖ ಪೂರ್ತಿ ಇಲ್ಲ. ಎಲ್ಲ ರಸ್ತೆಗೂ ಕರಟ ಸುರಿದರೆ ಬಾಡದ ಬಚ್ಚಲುಗಳು ತಣ್ಣಗಾಗುತ್ತವೆ. ಕಡಿಮೆ ಓಡಾಟದ ಹಳ್ಳಿ ರಸ್ತೆಗೆ, ಉಳಿಕೆ ಇರುವ ಊರಿನಲ್ಲಿ, ಮಳೆ ಕುಡಿಸಿ ಸುಣ್ಣ ಕುಡಿಸಿ ಹಾಕುವುದಾದರೆ ಆದೀತು. ಭಾರದ ವಾಹನಕ್ಕೆ ಅದು ತಡೆಯುವುದಿಲ್ಲ ಎಂದು ವರದಿಯಲ್ಲಿ ನಾನೇ ಬರೆದಿದ್ದೆ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಹಳದೀಪುರದ ಹತ್ತಿರ ಬಸ್ಸು ನಿಂತಿತು. ಮುಂದೆ ಹೆದ್ದಾರಿಯಲ್ಲಿ ಮೋರಿಯೊಂದು ಕುಸಿದಿದೆ, ಎಲ್ಲ ಗಾಡಿಗಳೂ ಒಳರಸ್ತೆಯಲ್ಲಿ ಹೋಗಬೇಕು ಎಂದರು ಪೊಲೀಸರು. ಬಸ್ಸು ಎಡವೋ ಬಲವೋ ನೋಡದೆ ಕಡಲ ಕಡೆಗೆ ಇಳಿಯಿತು. ತಿರುವಿನ ಹತ್ತಿರ ಕಂಡಕ್ಟರನನ್ನು ಕೂಗಿ ನಿಲ್ಲಿಸಿ ಇಳಿದುಬಿಟ್ಟೆ.

ಹಿಂದೆ ಬಸ್ಸುಗಳು, ಗ್ಯಾಸ್ ಟ್ಯಾಂಕರುಗಳು, ಸಿಮೆಂಟಿನ ಲಾರಿಗಳು. ಒಂದೊಂದೂ ಆ ತಿರುವಿನಲ್ಲಿ ಬ್ರೇಕ್ ಒತ್ತಿ, ಮೈ ಹೊರಳಿಸಿ ಹೋಗುತ್ತಿತ್ತು. ಮಳೆ ಬಿಡದೆ ಸುರಿಯುತ್ತಿತ್ತು. ನಾಗಮ್ಮ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ರಸ್ತೆಯ ಬದಿಯಲ್ಲಿ ನಿಂತು, "ನಿಧಾನ! ನಿಧಾನ ಹೋಗ್ರೊ!" ಎಂದು ಲಾರಿಯವರಿಗೆ ಕೂಗುತ್ತಿದ್ದಳು.

"ನಾಗಮ್ಮ, ಇಷ್ಟು ಭಾರ ಇದು ತಡೆಯೋದಿಲ್ಲ" ಎಂದೆ.

"ತಡೀತದೋ ಇಲ್ವೋ ಅದ್ಕೆ ಹೇಳಿ. ನಂಗೆ ಹೇಳಿ ಎಂತ ಬಂತು?"

ಪಕ್ಕದಲ್ಲಿ ನಿಂತೆ. ಒಂದು ಟ್ಯಾಂಕರ್ ಹೋದಾಗ ಕಾಲಡಿಯ ನೆಲ ನಡುಗಿದ್ದು ಗೊತ್ತಾಯಿತು. ಒಬ್ಬ ಸ್ಕೂಟರಿನವನು ಲಾರಿಗೆ ದಾರಿ ಬಿಡಲು ಅಂಚಿಗೆ ಸರಿದಾಗ ನಾವಿಬ್ಬರೂ ಒಟ್ಟಿಗೆ ಕೂಗಿಕೊಂಡೆವು. ಅವನು ಜಾರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿಯ ಒಂದು ಬದಿ ತೆರೆದರು, ಒಳರಸ್ತೆಗೆ ಗಾಡಿ ಬರುವುದು ನಿಂತಿತು.

ಕುಕ್ಕರಗಾಲಿನಲ್ಲಿ ಕೂತು ರಸ್ತೆಯನ್ನು ಕೈಯಿಂದ ಸವರಿದೆ. ನಡುಭಾಗ ನಿಂತಿತ್ತು. ಒಂದು ಚೂರೂ ಎದ್ದಿರಲಿಲ್ಲ. ಕಡಲ ಕಡೆಯ ಅಂಚು ಮಾತ್ರ ಎರಡು ಮಾರಿನಷ್ಟು ಒಡೆದು, ಕೆಳಗಿನ ಮಣ್ಣು ನೀರಿಗೆ ಜಾರುತ್ತಿತ್ತು. ಹೀಗೇ ಬಿಟ್ಟರೆ ರಾತ್ರಿಯ ಮಳೆಗೆ ತಿರುವೇ ಹೋಗುತ್ತಿತ್ತು.

ಅಷ್ಟರಲ್ಲಿ ಈಗಿನ ಸೆಕ್ಷನ್ ಎಂಜಿನಿಯರ್, ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ, ಕರಟದ ವರದಿ ಓದಿ ನನ್ನನ್ನು ಬಲ್ಲವಳು, ಬೈಕಿನಲ್ಲಿ ನೆನೆಯುತ್ತಾ ಬಂದಳು. ರಸ್ತೆ ನೋಡಿ ಅವಳ ಮುಖ ಅರಳಿತು.

"ಮೇಡಂ, ಇಷ್ಟೆಲ್ಲ ಹೋದರೂ ನಿಂತಿದೆ! ನಿಂತಿದೆ ಅಂತ ವರದಿ ಬರೀಲಾ?"

"ನಿಂತಿದೆ ಅಂತ ಬರಿ. ಅಂಚು ಒಡೆದಿದೆ ಅಂತಲೂ ಬರಿ" ಎಂದೆ.

ನಾಗಮ್ಮ ಆಗಲೇ ತನ್ನ ಹಿತ್ತಿಲ ಗೋಡೆಯಿಂದ ಚಿರೆಕಲ್ಲಿನ ತುಂಡುಗಳನ್ನು ಕಿತ್ತು ತಂದು ರಸ್ತೆಗೆ ಸುರಿಯುತ್ತಿದ್ದಳು.

"ಬರಿಯುದು ಆಮೇಲೆ ಆತು" ಎಂದಳು. "ಮೊದ್ಲು ಇದ ಹಿಡೀರಿ."

ಹುಡುಗಿ ಫೋನನ್ನು ಕಿಸೆಗೆ ಹಾಕಿಕೊಂಡು ಚರಂಡಿಗಿಳಿದಳು. ನಾಗಮ್ಮ ಕೊಟ್ಟ ಕಲ್ಲನ್ನು ನಾನು ಹಿಡಿದೆ, ನಾನು ಕೊಟ್ಟದ್ದನ್ನು ಹುಡುಗಿ ಅಂಚಿಗೆ ಕೂರಿಸಿದಳು.